ಕೊಮ್ಮೆಯ ಗಿಡ ಮತ್ತು ಔಷಧದಾನ: ಕಳೆಯೊಂದರ ಚರಿತ್ರೆ

ಸಂಡೂರು ತಾಲ್ಲೂಕಿನ ಯಶವಂತನಗರದ ಸುತ್ತಲಿನ ಕೆಂಪು ನೆಲದಲ್ಲಿ ಮುಂಗಾರಿನ ಮಳೆ ನಾಲ್ಕು ದಿನ ಹಿಡಿಯಿತೆಂದರೆ ಸಾಕು, ಹೊಲದ ಬದುವಿನಲ್ಲಿ, ದಾರಿಯ ಅಂಚಿನಲ್ಲಿ, ಹಾಳುಗೋಡೆಗಳ ಬುಡದಲ್ಲಿ ಬಗೆಬಗೆಯ ಗಿಡಗಳು ತಲೆಯೆತ್ತುತ್ತವೆ. ಉತ್ತರಾಣಿ, ತುಂಬೆ, ನೆಗ್ಗಿಲು, ನೆಲನೆಲ್ಲಿ, ಗರಗ, ಕೊಮ್ಮೆ. ಹೆಸರುಳ್ಳವು ಇಷ್ಟಾದರೆ ಹೆಸರೇ ತಿಳಿಯದವು ಇನ್ನೆಷ್ಟೋ. ಇವೆಲ್ಲಕ್ಕೂ ನಾವು ಇಟ್ಟಿರುವ ಒಟ್ಟು ಹೆಸರು ‘ಕಳೆ’. ಕಿತ್ತು ತೆಗೆಯುವುದು, ನೀಗಿಸುವುದು ಎಂಬರ್ಥದ ಕ್ರಿಯಾಪದವೇ ಈ ಗಿಡಗಳ ನಾಮಪದವೂ ಆಗಿದೆ. ಮುಖದ ಕಾಂತಿಗೂ ಕನ್ನಡದಲ್ಲಿ ಕಳೆ ಎಂದೇ ಹೇಳುತ್ತೇವೆ. ಅದು ಸಂಸ್ಕೃತದ ಕಲಾ ಶಬ್ದದಿಂದ ಬಂದ ಬೇರೆಯ ಮಾತು. ಆದರೂ ಒಂದೇ ಉಚ್ಚಾರದಲ್ಲಿ ತ್ಯಾಜ್ಯವೂ ತೇಜಸ್ಸೂ ಕೂಡಿಕೊಂಡಿರುವುದು ಸ್ವಾರಸ್ಯಕರವಾಗಿದೆ.

ಈ ಲೇಖನದಲ್ಲಿ ನಾವು ಮುಖ್ಯವಾಗಿ ವಿಚಾರಿಸಹೊರಟಿರುವುದು ಕೊಮ್ಮೆಯನ್ನು. ನೆಲಕ್ಕೆ ಅಂಟಿ ಹರಡುವ ಈ ಗಿಡದ ಎಲೆಗಳು ಜೋಡಿಯಾಗಿ ಹುಟ್ಟಿದರೂ ಜೋಡಿಯಲ್ಲಿ ಒಂದು ದೊಡ್ಡದು, ಒಂದು ಚಿಕ್ಕದು, ಅಡಿಭಾಗ ಬಿಳಿಚು. ಹೂವು ಸಾಸಿವೆಗಿಂತ ತುಸು ದೊಡ್ಡದು, ನಸುಗೆಂಪು ಬಣ್ಣದ್ದು. ಅಂಟುಳ್ಳ ಕಾಯಿಗಳು ಸೀರೆಯ ಸೆರಗಿಗೂ ದನದ ಮೈಗೂ ಹತ್ತಿಕೊಂಡು ಊರೂರಿಗೆ ಸಾಗುತ್ತವೆ. ತೆಲುಗಿನವರು ಇದನ್ನು ಅಟಿಕಮಾಮಿಡಿ ಎನ್ನುತ್ತಾರೆ. ಸಂಸ್ಕೃತದಲ್ಲಿ ಇದು ಪುನರ್ನವಾ. ಬೇಸಗೆಯಲ್ಲಿ ನೆಲದ ಮೇಲಿನ ಭಾಗ ಒಣಗಿ ಹೋದರೂ ಮಣ್ಣಿನೊಳಗೆ ದಪ್ಪ ಬೇರು ಜೀವ ಹಿಡಿದುಕೊಂಡಿದ್ದು, ಮಳೆ ಬಂದೊಡನೆ ಮತ್ತೆ ಹೊಸದಾಗಿ ಚಿಗುರುವುದರಿಂದ ಆ ಹೆಸರು ಬಂದಿತು. ನಿಘಂಟುಕಾರರು ಇದಕ್ಕೆ ಕೊಟ್ಟ ಮತ್ತೊಂದು ಹೆಸರು ಶೋಥಘ್ನೀ, ಅಂದರೆ ಬಾವನ್ನು ಕಳೆಯುವಂಥದು. ಇಂದಿನ ವೈದ್ಯರು ಉರಿಯೂತ ಎಂದು ಕರೆಯುವ ವಿಕಾರವನ್ನು ನಮ್ಮ ಹಿರಿಯರು ಶೋಥ, ಶೋಫ ಎಂಬ ಮಾತುಗಳಲ್ಲಿ ಬಹುಮಟ್ಟಿಗೆ ಗ್ರಹಿಸಿದ್ದರು. ಕೆಂಪೇರುವುದು, ಬಿಸಿಯಾಗುವುದು, ಊದಿಕೊಳ್ಳುವುದು, ನೋಯುವುದು ಎಂಬ ನಾಲ್ಕು ಲಕ್ಷಣಗಳನ್ನು ಒಂದನೆಯ ಶತಮಾನದಲ್ಲಿ ರೋಮಿನ ಸೆಲ್ಸಸ್ ಎಂಬ ಗ್ರಂಥಕಾರ ಒಟ್ಟಿಗೆ ಹೇಳಿದ್ದು ಪ್ರಸಿದ್ಧವೇ ಆಗಿದೆ.

ಕಳೆಯೆಂದು ಕಿತ್ತೆಸೆಯುವ ಗಿಡದಲ್ಲಿ ಮದ್ದನ್ನು ಹುಡುಕುವ ಕೆಲಸ ಇಂದಿನ ಪ್ರಯೋಗಶಾಲೆಗಳಲ್ಲಿ ಆರಂಭವಾದುದಲ್ಲ. ಕನ್ನಡ ನಾಡಿನಲ್ಲಿ ಈ ಹುಡುಕಾಟಕ್ಕೆ ಸಾವಿರ ವರ್ಷಕ್ಕೂ ಮೀರಿದ ಚರಿತ್ರೆಯಿದೆ. ಅದರ ಒಂದು ದೊಡ್ಡ ಭಾಗ ಜೈನ ವೈದ್ಯಗ್ರಂಥಕಾರರದು. ನಮ್ಮ ಶಾಸನಗಳಲ್ಲಿ ದಾನಿಗಳನ್ನು ಹೊಗಳುವಾಗ ಆಹಾರ, ಅಭಯ, ಭೈಷಜ್ಯ, ಶಾಸ್ತ್ರ ಎಂಬ ನಾಲ್ಕು ದಾನಗಳನ್ನು ಒಂದೇ ಉಸಿರಿನಲ್ಲಿ ಹೇಳುವ ಪದ್ಧತಿ ಓದುಗರಿಗೆ ವಿದಿತವೇ ಇದೆ. ಔಷಧವು ಅಭಯದ ಪಕ್ಕದಲ್ಲಿ ಕುಳಿತಿರುವುದು ಗಮನಾರ್ಹ. ಒಂದು ಜೀವಿಯ ರೋಗವನ್ನು ಕಳೆಯಲು ಇನ್ನೊಂದು ಜೀವಿಯ ಅಭಯವನ್ನು ಕಸಿಯಬಹುದೇ ಎಂಬ ಪ್ರಶ್ನೆಯನ್ನು ಈ ಜೋಡಣೆಯೇ ಎತ್ತುತ್ತದೆ. ಆ ಪ್ರಶ್ನೆಗೆ ಉತ್ತರ ಕೊಡಲೇಬೇಕಾದ ಸ್ಥಿತಿಯಲ್ಲಿ ಇದ್ದವರು ವೈದ್ಯರು.

ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ (ಆಳ್ವಿಕೆ ಕ್ರಿ.ಶ. 814–878) ಉಗ್ರಾದಿತ್ಯಾಚಾರ್ಯರು ‘ಕಲ್ಯಾಣಕಾರಕ’ವೆಂಬ ಸಂಸ್ಕೃತ ವೈದ್ಯಗ್ರಂಥವನ್ನು ರಚಿಸಿದರು. ಅದರ ಕೊನೆಯಲ್ಲಿರುವ ಹಿತಾಹಿತಾಧ್ಯಾಯವು ನೃಪತುಂಗನ ಸಭೆಯಲ್ಲಿ ಮಾಂಸಾಹಾರದ ನಿರರ್ಥಕತೆಯನ್ನು ಕುರಿತು ನಡೆದ ವಾದವೆಂದು ಪ್ರಸಿದ್ಧಿ. ಅರಸನ ಸಭೆಯಲ್ಲಿ, ಪರಮತದ ವೈದ್ಯರ ಎದುರಿನಲ್ಲಿ, ಮಾಂಸವಿಲ್ಲದೆಯೇ ಚಿಕಿತ್ಸೆ ಸಾಧ್ಯವೆಂದು ವಾದಿಸಿದವರು ಅದನ್ನು ಮಾಡಿಯೂ ತೋರಿಸಬೇಕಾಗಿತ್ತು. ಈ ಗ್ರಂಥವು 1940ರಲ್ಲಿ ಸೊಲ್ಲಾಪುರದಿಂದ ವರ್ಧಮಾನ ಪಾರ್ಶ್ವನಾಥ ಶಾಸ್ತ್ರಿಗಳ ಸಂಪಾದನೆಯಲ್ಲಿ ಮುದ್ರಣಗೊಂಡು ಎಲ್ಲರ ಕೈಗೆ ಬಂದಿತು.

ಇದಾಗಿ ಸುಮಾರು ಮುನ್ನೂರು ವರ್ಷಗಳ ಮೇಲೆ, ಕ್ರಿ.ಶ. 1150ರ ಸುಮಾರಿಗೆ, ಜಗದ್ದಳ ಸೋಮನಾಥನು ಪೂಜ್ಯಪಾದರ ಹೆಸರಿನಲ್ಲಿದ್ದ ಕಲ್ಯಾಣಕಾರಕವನ್ನು ಕನ್ನಡಕ್ಕೆ ತಂದನು. ಇದು ಕನ್ನಡದ ಮೊದಮೊದಲ ವೈದ್ಯಗ್ರಂಥಗಳಲ್ಲಿ ಒಂದು. ಇದರಲ್ಲಿ ಹೇಳಿರುವ ಚಿಕಿತ್ಸೆಯೆಲ್ಲವೂ ಸಸ್ಯಮೂಲದ್ದು, ಮದ್ಯದ ಸಂಪರ್ಕವಿಲ್ಲದ್ದು ಎಂಬುದನ್ನು ಸಾಹಿತ್ಯಚರಿತ್ರಕಾರರು ವಿಶೇಷವಾಗಿ ಎತ್ತಿ ಹೇಳಿದ್ದಾರೆ. ಇದನ್ನು ಬರಿಯ ಮತನಿಷ್ಠೆಯೆಂದು ತಳ್ಳಿಹಾಕುವವರು ಒಂದು ಸಂಗತಿಯನ್ನು ಮರೆಯುತ್ತಾರೆ. ಪ್ರಾಚೀನ ವೈದ್ಯದಲ್ಲಿ ಮಾಂಸರಸ, ಜೇನು, ಸುರೆ ಇವು ಅಂಚಿನ ವಸ್ತುಗಳಾಗಿರಲಿಲ್ಲ; ನಿತ್ಯದ ಅನುಪಾನಗಳಾಗಿದ್ದವು. ಇಂಥವನ್ನು ಬಿಟ್ಟ ವೈದ್ಯನಿಗೆ ಉಳಿದದ್ದು ಗಿಡ, ಮರ, ಬಳ್ಳಿ, ಖನಿಜಗಳು ಮಾತ್ರ. ತ್ಯಾಗದಿಂದ ಕಿರಿದಾದ ಭಂಡಾರವನ್ನು ತುಂಬಿಕೊಳ್ಳಲು ಆತ ಇತರರು ಕಡೆಗಣಿಸಿದ ಸಸ್ಯಗಳನ್ನೂ ಕೂಲಂಕಷವಾಗಿ ನೋಡಬೇಕಾಯಿತು ಎಂಬುದು ನಮ್ಮ ಅಭಿಪ್ರಾಯ. ವ್ರತವು ಇಲ್ಲಿ ಜ್ಞಾನಕ್ಕೆ ಅಡ್ಡಿಯಾಗುವುದರ ಬದಲು ಅದನ್ನು ಹೊಸ ದಾರಿಗೆ ಹಚ್ಚಿತು.

ಇದರ ಸಾರ್ಥಕತೆ ಇಂದಿಗೂ ಇದೆ. ಪುನರ್ನವೆಯಿಂದ ತಯಾರಾಗಿ ಅಂಗಡಿಯಲ್ಲಿ ಸಿಗುವ ಮದ್ದುಗಳಲ್ಲಿ ಪುನರ್ನವಾಷ್ಟಕ ಕಷಾಯವೂ ಇದೆ, ಪುನರ್ನವಾಸವವೂ ಇದೆ. ಮೊದಲನೆಯದು ಪುನರ್ನವೆ, ಬೇವು, ಪಟೋಲ, ಶುಂಠಿ, ಕಟುಕರೋಹಿಣಿ, ಅಮೃತಬಳ್ಳಿ, ಮರದರಿಸಿನ, ಅಳಲೆ ಎಂಬ ಎಂಟು ವಸ್ತುಗಳನ್ನು ನೀರಿನಲ್ಲಿ ಕುದಿಸಿ ಇಳಿಸಿದ್ದು. ಎರಡನೆಯದು ಹುದುಗಿಸಿದ್ದು, ಆಸವ, ಅರಿಷ್ಟಗಳಲ್ಲಿ ಹುದುಗುವಾಗ ತಾನಾಗಿಯೇ ಮದ್ಯಸಾರ ಹುಟ್ಟುತ್ತದೆ. ಔಷಧದಾನವೆಂದು ಉಚಿತ ಚಿಕಿತ್ಸಾಲಯ ನಡೆಸುವ ಟ್ರಸ್ಟುಗಳು ಈ ಎರಡರ ನಡುವಿನ ವ್ಯತ್ಯಾಸವನ್ನು ವಿಚಾರಿಸಿ ತರಿಸುವುದುಂಟೇ? ಸೋಮನಾಥನು ವಿಚಾರಿಸಿದ್ದನು.

ಸೋಮನಾಥನಿಗಿಂತ ಒಂದು ತಲೆಮಾರು ಮೊದಲು, 1125ರ ಸುಮಾರಿನಲ್ಲಿ, ಚಾಳುಕ್ಯ ರಾಜಕುಮಾರ ಕೀರ್ತಿವರ್ಮನು ‘ಗೋವೈದ್ಯ’ವನ್ನು ಬರೆದನು. ಆರನೆಯ ವಿಕ್ರಮಾದಿತ್ಯನ ತಮ್ಮನಾದ ಈತ ದನಕರುಗಳ ರೋಗಗಳಿಗೆ ಕನ್ನಡದಲ್ಲಿ ಗ್ರಂಥ ರಚಿಸಿದ್ದು ಸಾಮಾನ್ಯ ಸಂಗತಿಯಲ್ಲ. ಮದ್ದಿನ ಜೊತೆಗೆ ಮಂತ್ರವೂ ಅದರಲ್ಲಿ ಬೆರೆತಿದೆ, ನಿಜ. ಆದರೆ ಮಾತನಾಡಲಾರದ ಪ್ರಾಣಿಯ ನೋವು ಒಬ್ಬ ಅರಸುಮಗನ ಬರವಣಿಗೆಗೆ ವಸ್ತುವಾಯಿತೆಂಬುದು ಅದಕ್ಕಿಂತ ಮಿಗಿಲಾದ ವಿಷಯ. ಈ ಗ್ರಂಥದ ನೆನಪು ಮುಂದೆ ನಮಗೆ ಬೇಕಾಗುತ್ತದೆ.

ವಿಜಯನಗರ ರಾಜ್ಯದ ಮೊದಲ ದಶಕಗಳಲ್ಲಿ, 1360ರ ಸುಮಾರಿಗೆ, ಒಂದನೆಯ ಮಂಗರಾಜನು ವಿಷವೈದ್ಯವನ್ನು ಕುರಿತು ‘ಖಗೇಂದ್ರಮಣಿದರ್ಪಣ’ವನ್ನು ಬರೆದನು. ಪೂಜ್ಯಪಾದರ ವೈದ್ಯಗ್ರಂಥವನ್ನು ಆತ ಆಧಾರವಾಗಿ ಸ್ಮರಿಸುತ್ತಾನೆ. ಮದ್ರಾಸು ವಿಶ್ವವಿದ್ಯಾಲಯವು 1942ರಲ್ಲಿ ಇದನ್ನು ಪ್ರಕಟಿಸಿತು. ಹಾವು ಚೇಳುಗಳ ಜಂಗಮ ವಿಷದಂತೆಯೇ ಸಸ್ಯ ಮತ್ತು ಖನಿಜಗಳಿಂದ ಬರುವ ಸ್ಥಾವರ ವಿಷವನ್ನೂ ಈ ಶಾಸ್ತ್ರ ವಿವೇಚಿಸುತ್ತದೆ. ಗಿಡಮೂಲಿಕೆಯೆಂದರೆ ಅಪಾಯವೇ ಇಲ್ಲವೆಂದು ನಂಬಿದ ಇಂದಿನ ಜಾಹೀರಾತುಗಳಿಗಿಂತ ಆರೂವರೆ ಶತಮಾನಗಳ ಹಿಂದಿನ ಆ ಕವಿ ಹೆಚ್ಚು ಎಚ್ಚರದಿಂದಿದ್ದನು. ಆತನ ಗ್ರಂಥದ ತರುವಾಯ ಒಂದು ಪೀಳಿಗೆ ಕಳೆಯುವುದರೊಳಗೆ, 1385ರಲ್ಲಿ, ಎರಡನೆಯ ಹರಿಹರನ ದಂಡನಾಯಕ ಇರುಗಪ್ಪನು ಹಂಪೆಯಲ್ಲಿ ಕುಂಥುಜಿನನಾಥನ ಚೈತ್ಯಾಲಯವನ್ನು ಕಟ್ಟಿಸಿದನು. ಕಂಪ್ಲಿಯ ದಾರಿಯಲ್ಲಿ ಗಾಣಿಗಿತ್ತಿ ಬಸದಿಯೆಂದು ಜನ ಗುರುತಿಸುವುದು ಇದನ್ನೇ. ಹಂಪೆ, ಕಂಪ್ಲಿ, ಸಂಡೂರುಗಳ ಈ ಸೀಮೆ ಜೈನ ವಿದ್ಯೆಗೆ ಹೊರಗಿನದಾಗಿರಲಿಲ್ಲವೆಂಬುದಕ್ಕೆ ಆ ಮಾನಸ್ತಂಭ ಇಂದೂ ಸಾಕ್ಷಿ.

ಗ್ರಂಥಗಳ ಮಾತು ಇಷ್ಟಾಯಿತು. ಆದರೆ ಗಿಡವನ್ನು ನಿತ್ಯ ಮುಟ್ಟಿ ನೋಡಿ ಬಲ್ಲವರು ಗ್ರಂಥ ಬರೆದವರಷ್ಟೇ ಅಲ್ಲ. ಹೊಲದಲ್ಲಿ ಕುರ್ಚಿಗೆ ಹಿಡಿದು ಸಾಲಿಡಿದು ಕಳೆ ತೆಗೆಯುವ ಹೆಣ್ಣುಮಕ್ಕಳು ಕಿತ್ತುದರಲ್ಲಿ ಯಾವುದನ್ನು ಬದುವಿಗೆ ಎಸೆಯಬೇಕು, ಯಾವುದನ್ನು ಮಡಿಲಿಗೆ ಹಾಕಿಕೊಳ್ಳಬೇಕೆಂದು ಅರಿತಿದ್ದರು. ಕೊಮ್ಮೆಯ ಎಳೆಚಿಗುರು ಬೆರಕೆಸೊಪ್ಪಿನ ಸಾರಿಗೆ ಸೇರುತ್ತಿತ್ತು. ಬಾಣಂತಿಯ ಕಾಲು ಊದಿದರೆ, ಮುದುಕರ ಮಂಡಿ ಬಾತರೆ ಇಂಥ ಗಿಡಗಳ ಕಡೆಗೇ ಕೈ ಹೋಗುತ್ತಿತ್ತು. ಕಳೆನಾಶಕದ ಸಿಂಪಡಣೆ ಹೆಚ್ಚಿದಂತೆಲ್ಲ ಈ ಅರಿವಿನ ಪಾಠಶಾಲೆಯೇ ಮುಚ್ಚುತ್ತ ಬಂದಿದೆ. ಕಳೆ ಕೀಳುವ ಕೈಯಿಲ್ಲದ ಹೊಲದಲ್ಲಿ ಕಳೆಯನ್ನು ಗುರುತಿಸುವ ಕಣ್ಣೂ ಇರುವುದಿಲ್ಲ.

ಆಧುನಿಕ ರೀತಿಯ ಪರಿಶೀಲನೆಗೆ ಬಂದರೆ, 1920ರ ದಶಕದಲ್ಲಿ ಕಲ್ಕತ್ತೆಯ ಸ್ಕೂಲ್ ಆಫ್ ಟ್ರಾಪಿಕಲ್ ಮೆಡಿಸಿನ್‌ನಲ್ಲಿ ರಾಮನಾಥ ಚೋಪ್ರಾ ಮತ್ತು ಅವರ ಸಂಗಡಿಗರು ಪುನರ್ನವೆಯನ್ನು ಪರೀಕ್ಷಿಸಿದರು. ಇದು ಮೂತ್ರವನ್ನು ಹೆಚ್ಚಿಸಿ ಮೈಯ ಬಾವನ್ನು ಇಳಿಸುತ್ತದೆಂಬುದು ಅವರಿಗೆ ಕಂಡುಬಂದಿತು. ಗಿಡದಲ್ಲಿರುವ ಪೊಟ್ಯಾಸಿಯಂ ಲವಣವನ್ನೂ ಪುನರ್ನವೀನ್ ಎಂದು ಹೆಸರಿಸಲಾದ ಕ್ಷಾರಾಂಶವನ್ನೂ ಅವರು ಇದಕ್ಕೆ ಕಾರಣವಾಗಿ ಕಂಡರು. ಆಗಲೇ ಒಂದು ತೊಡಕೂ ಬೆಳಕಿಗೆ ಬಂದಿತು. ಬಿಳಿ ಪುನರ್ನವೆಯೆಂದು ಮಾರಾಟವಾಗುತ್ತಿದ್ದ ಗಿಡ ಬೇರೊಂದು ಕುಲದ್ದು, ಟ್ರಯಾಂಥಿಮಾ ಎಂಬ ದಪ್ಪ ಎಲೆಯ ಕಳೆ. ಎರಡೂ ನೆಲಕ್ಕೆ ಹರಡುತ್ತವೆ, ಎರಡೂ ಮಳೆಗಾಲದಲ್ಲಿ ಒಟ್ಟಿಗೆ ಹುಟ್ಟುತ್ತವೆ. ಒಣಗಿಸಿ ಚೀಲಕ್ಕೆ ತುಂಬಿದ ಮೇಲೆ ಬೇರ್ಪಡಿಸುವುದು ಕಷ್ಟ. ಉಪೇಕ್ಷಿತ ಗಿಡಗಳ ಔಷಧಿಗೆ ಇರುವ ದೊಡ್ಡ ಅಪಾಯ ಇದೇ: ಹೆಸರು ಸರಿಯಾಗಿ ತಿಳಿಯದಿರುವುದು.

ಉರಿಯೂತವನ್ನು ಇಳಿಸುವ ಮಾತ್ರೆಗಳ ಕಥೆಯೂ ಗಿಡದಿಂದಲೇ ಹುಟ್ಟಿದ್ದು. ಯೂರೋಪಿನ ನೀರಂಚಿಯ (ವಿಲೋ) ಮರದ ತೊಗಟೆಯ ಗುಣವನ್ನು ಬೆನ್ನಟ್ಟಿ ಹೋದವರು 1897ರಲ್ಲಿ ಆಸ್ಪಿರಿನ್ನನ್ನು ತಯಾರಿಸಿದರು. ಅದು ಹೇಗೆ ಕೆಲಸ ಮಾಡುತ್ತದೆಂಬುದನ್ನು ಜಾನ್ ವೇನ್ 1971ರಲ್ಲಿ ತೋರಿಸಿಕೊಟ್ಟರು. ದೇಹದಲ್ಲಿ ಪ್ರೋಸ್ಟಗ್ಲ್ಯಾಂಡಿನ್‌ಗಳ ಉತ್ಪತ್ತಿಯನ್ನು ಅದು ತಡೆಯುತ್ತದೆ. ಅದೇ ಪ್ರೋಸ್ಟಗ್ಲ್ಯಾಂಡಿನ್‌ಗಳು ಜಠರದ ಒಳಪೊರೆಯನ್ನೂ ಮೂತ್ರಪಿಂಡದ ರಕ್ತಸಂಚಾರವನ್ನೂ ಕಾಯುವುದರಿಂದ, ಮಂಡಿನೋವಿಗೆಂದು ವರ್ಷಗಟ್ಟಲೆ ಮಾತ್ರೆ ನುಂಗುವ ಹಿರಿಯರಿಗೆ ಹೊಟ್ಟೆಯ ಹುಣ್ಣು, ಮೂತ್ರಪಿಂಡದ ತೊಂದರೆಗಳು ಬರುವ ಸಂಭವವಿದೆ. ಕಡೆಗಣಿಸಿದ ಕಳೆಗಳ ಕಡೆಗೆ ವಿಜ್ಞಾನಿಗಳು ಮತ್ತೆ ತಿರುಗಿರುವುದಕ್ಕೆ ಒಂದು ಕಾರಣ ಇದೇ.

ಆದರೆ ಗಿಡಕ್ಕೆ ಆ ಗುಣವಿದೆಯೆಂದು ಪರೀಕ್ಷಿಸುವ ಬಗೆ ಯಾವುದು? ಇಲ್ಲಿ ನಮ್ಮ ಓದುಗರು ತುಸು ನಿಲ್ಲಬೇಕು. 1962ರಲ್ಲಿ ಪ್ರಕಟವಾದ ಒಂದು ವಿಧಾನ ಇಂದಿಗೂ ಲೋಕದಾದ್ಯಂತ ಬಳಕೆಯಲ್ಲಿದೆ. ಇಲಿಯ ಹಿಂಗಾಲಿನ ಅಂಗಾಲಿಗೆ ಕ್ಯಾರಜೀನನ್ ಎಂಬ ದ್ರವ್ಯವನ್ನು ಸೂಜಿಯಿಂದ ಚುಚ್ಚುತ್ತಾರೆ. ಕೆಲವು ಗಂಟೆಗಳಲ್ಲಿ ಪಾದ ಊದಿಕೊಳ್ಳುತ್ತದೆ. ಮೊದಲೇ ಗಿಡದ ಸಾರವನ್ನು ಕುಡಿಸಿದ ಇಲಿಯ ಪಾದ ಎಷ್ಟು ಕಡಿಮೆ ಊದಿತೆಂಬುದನ್ನು ಅಳೆದು ಗುಣವನ್ನು ನಿರ್ಧರಿಸುತ್ತಾರೆ. ಕ್ಯಾರಜೀನನ್ ಬರುವುದು ಕಡಲಪಾಚಿಯಿಂದ. ಸಮುದ್ರದ ಒಂದು ಕಳೆಯಿಂದ ಬಾವು ಬರಿಸಿ ಹೊಲದ ಒಂದು ಕಳೆಯಿಂದ ಅದನ್ನು ಇಳಿಸುವ ಈ ಪ್ರಯೋಗದಲ್ಲಿ, ನಡುವೆ ನೋವನ್ನು ಉಣ್ಣುವುದು ಒಂದು ಪಂಚೇಂದ್ರಿಯ ಜೀವಿ. ಪುನರ್ನವೆಯೂ ಸೇರಿದಂತೆ ನಮ್ಮ ಎಷ್ಟೋ ಮೂಲಿಕೆಗಳು ಉರಿಯೂತ ಶಮನಕವೆಂದು ಹೆಸರು ಪಡೆದದ್ದು ಇಂಥ ಪ್ರಾಣಿಪ್ರಯೋಗಗಳ ಮೂಲಕವೇ.

ಶ್ರಾವಕಾಚಾರದ ದೃಷ್ಟಿಯಲ್ಲಿ ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕಾಗಿ ವಿಂಗಡಿಸಿದ್ದಾರೆ. ಕೃಷಿಕನು ಕಳೆ ಕೀಳುವಾಗ ಏಕೇಂದ್ರಿಯ ಜೀವಕ್ಕೆ ಆಗುವ ಬಾಧೆ ಉದ್ಯೋಗೀ ಹಿಂಸೆ. ಗೃಹಸ್ಥನಿಗೆ ಅದು ಪೂರ್ಣವಾಗಿ ತಪ್ಪದು. ಬೇಕೆಂದೇ ಬಾವು ಬರಿಸುವುದು ಯಾವ ವರ್ಗಕ್ಕೆ ಸೇರುತ್ತದೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಾಗೆಂದು ಪರೀಕ್ಷೆಯೇ ಬೇಡವೆನ್ನುವುದು ಸುಲಭದ, ಆದರೆ ಬೇಜವಾಬ್ದಾರಿಯ ಉತ್ತರ. ಈಶ್ವರಿ ಬಳ್ಳಿಯನ್ನು ನೋಡಿ. ಹಾವಿನ ವಿಷಕ್ಕೂ ಬಾವಿಗೂ ಹಳ್ಳಿಗಳಲ್ಲಿ ಬಹುಕಾಲ ಬಳಸಿದ ಮೂಲಿಕೆ ಅದು. ಅದರ ಕುಲದ ಗಿಡಗಳಲ್ಲಿರುವ ಅರಿಸ್ಟೋಲೋಕಿಕ್ ಆಮ್ಲ ಮೂತ್ರಪಿಂಡವನ್ನು ಕೆಡಿಸುತ್ತದೆ, ಕ್ಯಾನ್ಸರನ್ನು ತರುತ್ತದೆ ಎಂಬುದು ಈಗ ಸ್ಥಿರಪಟ್ಟಿದೆ. ಯೂರೋಪಿನ ಬಾಲ್ಕನ್ ಪ್ರದೇಶದಲ್ಲಿ ಗೋಧಿಹೊಲದ ಕಳೆಯಾಗಿ ಬೆಳೆದ ಅದೇ ಕುಲದ ಗಿಡದ ಬೀಜ ಹಿಟ್ಟಿಗೆ ಬೆರೆತು ಊರೂರೇ ಮೂತ್ರಪಿಂಡದ ರೋಗಕ್ಕೆ ತುತ್ತಾದವು. ತಲೆಮಾರುಗಳ ಅನುಭವವೂ ನಿಧಾನವಾಗಿ ಕೊಲ್ಲುವ ವಿಷವನ್ನು ಕಂಡುಹಿಡಿಯಲಾರದು. ಪರೀಕ್ಷಿಸದ ಮದ್ದನ್ನು ಬಡವರಿಗೆ ದಾನಮಾಡುವುದು ಭೈಷಜ್ಯದಾನವೆನಿಸದು.

ನಮ್ಮ ದೇಶದಲ್ಲಿ 1960ರ ಪ್ರಾಣಿಹಿಂಸಾ ತಡೆ ಕಾಯಿದೆಯು ಪ್ರಯೋಗಗಳಿಗೆ ಕೆಲವು ಕಟ್ಟುಪಾಡುಗಳನ್ನು ವಿಧಿಸಿತು. ಮಾನವ ಜೀವಕೋಶಗಳ ಕೃಷಿಯಲ್ಲಿ, ಪ್ರತ್ಯೇಕಿಸಿದ ಕಿಣ್ವಗಳ ಮೇಲೆ, ಗಣಕಯಂತ್ರದ ಲೆಕ್ಕಾಚಾರದಲ್ಲಿ ಗುಣದೋಷಗಳನ್ನು ತಿಳಿಯುವ ವಿಧಾನಗಳು ಕ್ರಮೇಣ ಬೆಳೆದವು. ಅಮೆರಿಕವು 2022ರ ಕೊನೆಯಲ್ಲಿ ಹೊಸ ಔಷಧಿಗೆ ಪ್ರಾಣಿಪ್ರಯೋಗ ಕಡ್ಡಾಯವೆಂಬ ನಿಬಂಧನೆಯನ್ನು ತೆಗೆದುಹಾಕಿತು. ಭಾರತವೂ 2023ರಲ್ಲಿ ತನ್ನ ನಿಯಮಗಳಿಗೆ ತಿದ್ದುಪಡಿ ತಂದು ಇಂಥ ವಿಧಾನಗಳಿಗೆ ಮಾನ್ಯತೆ ನೀಡಿತು. ಇವು ಎಲ್ಲ ಪ್ರಶ್ನೆಗಳಿಗೂ ಉತ್ತರ ಕೊಡಲಾರವು, ಇಡೀ ದೇಹದಲ್ಲಿ ಮದ್ದು ಹೇಗೆ ವರ್ತಿಸುತ್ತದೆಂಬುದನ್ನು ಒಂದು ತಟ್ಟೆಯ ಜೀವಕೋಶ ಹೇಳಲಾರದು. ಆದರೆ ಸಾವಿರ ವರ್ಷಗಳಿಂದ ಆಹಾರವಾಗಿಯೂ ಮದ್ದಾಗಿಯೂ ಬಳಕೆಯಲ್ಲಿರುವ ಕೊಮ್ಮೆಯಂಥ ಗಿಡಕ್ಕೆ, ಅದೇ ಫಲಿತಾಂಶಕ್ಕಾಗಿ ಮತ್ತೆ ಮತ್ತೆ ಇಲಿಯ ಪಾದವನ್ನು ಊದಿಸುವ ಅಗತ್ಯವಿದೆಯೆಂದು ನಮಗೆ ತೋರದು. ಇಂಥ ಸಂಶೋಧನೆಗೆ ವಿದ್ಯಾರ್ಥಿವೇತನ ಕೊಡುವ ಜೈನ ಟ್ರಸ್ಟುಗಳು ವಿಧಾನ ಯಾವುದೆಂದು ಕೇಳಿ ತಿಳಿಯುವುದು ಹಕ್ಕಷ್ಟೇ ಅಲ್ಲ, ಕರ್ತವ್ಯವೂ ಹೌದು.

ಈಗ ಕೀರ್ತಿವರ್ಮನ ಗೋವೈದ್ಯದ ಕಡೆಗೆ ಮರಳೋಣ. 1990ರ ದಶಕದಲ್ಲಿ ಭಾರತದ ರಣಹದ್ದುಗಳು ಗುಂಪುಗುಂಪಾಗಿ ಸಾಯತೊಡಗಿದವು. ಬಿಳಿಬೆನ್ನಿನ ರಣಹದ್ದುಗಳಲ್ಲಂತೂ ನೂರಕ್ಕೆ ತೊಂಬತ್ತೊಂಬತ್ತಕ್ಕೂ ಮಿಕ್ಕಿ ಒಂದೂವರೆ ದಶಕದಲ್ಲಿ ಅಳಿದವು. ಕಾರಣ ತಿಳಿದದ್ದು 2004ರಲ್ಲಿ: ದನಗಳ ನೋವು ಬಾವುಗಳಿಗೆ ಕೊಡುತ್ತಿದ್ದ ಡೈಕ್ಲೋಫಿನಾಕ್ ಎಂಬ ಉರಿಯೂತ ಶಮನಕ. ಆ ಮದ್ದು ಮೈಯಲ್ಲಿರುವಾಗಲೇ ಸತ್ತ ದನವನ್ನು ತಿಂದ ಹದ್ದಿನ ಮೂತ್ರಪಿಂಡ ಕೆಟ್ಟು ಹೋಗುತ್ತಿತ್ತು. ಕೇಂದ್ರ ಸರಕಾರ 2006ರಲ್ಲಿ ಜಾನುವಾರುಗಳಿಗೆ ಅದರ ಬಳಕೆಯನ್ನು ತಡೆಯಿತು. 2023ರಲ್ಲಿ ಕೀಟೋಪ್ರೊಫೆನ್, ಅಸೆಕ್ಲೋಫಿನಾಕ್‌ಗಳನ್ನೂ ನಿಷೇಧಿಸಿತು. ನಮ್ಮ ರಾಜ್ಯದಲ್ಲಿ ಉಳಿದ ಹದ್ದುಗಳಿಗಾಗಿ ರಾಮನಗರದ ರಾಮದೇವರ ಬೆಟ್ಟವನ್ನು 2012ರಲ್ಲಿ ಅಭಯಾರಣ್ಯವೆಂದು ಘೋಷಿಸಲಾಯಿತು. ಮುದಿ ಹಸುವಿನ ನೋವನ್ನು ಕಂಡು ಮರುಗಿ ಚುಚ್ಚುಮದ್ದು ಹಾಕಿಸಿದವನ ಭಾವದಲ್ಲಿ ದೋಷವಿರಲಿಲ್ಲ; ಅದರ ಫಲ ಮಾತ್ರ ಆಕಾಶದ ಒಂದು ಕುಲವನ್ನೇ ಬರಿದುಮಾಡಿತು. ಗೋಶಾಲೆ, ಪಾಂಜರಪೋಳಗಳನ್ನು ನಡೆಸುವವರು ತಮ್ಮ ಪಶುವೈದ್ಯರಲ್ಲಿ ಮೆಲೊಕ್ಸಿಕ್ಯಾಮ್‌ನಂಥ ಹದ್ದುಗಳಿಗೆ ಸುರಕ್ಷಿತವೆಂದು ತಿಳಿದಿರುವ ಮದ್ದನ್ನೇ ಕೇಳಿ ಹಾಕಿಸಬೇಕು. ಹಾಲೂಡುವ ಹಸುವಿನ ಕೆಚ್ಚಲು ಬಾವಿಗೆ ಲೋಳೆಸರ, ಅರಿಸಿನ, ಸುಣ್ಣಗಳ ಲೇಪವನ್ನು ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿಯೇ ಇತ್ತೀಚಿನ ವರ್ಷಗಳಲ್ಲಿ ಪ್ರಚುರಪಡಿಸಿದೆ. ಗೋವೈದ್ಯದ ದಾರಿ ಪೂರ್ತಿ ಮುಚ್ಚಿಲ್ಲ.

ಸಂಡೂರಿನ ನೆಲಕ್ಕೆ ಸಂಬಂಧಿಸಿದ ಎರಡು ಮಾತು ಉಳಿದಿವೆ. ಬೆಂಗಳೂರಿನಲ್ಲಿ 1993ರಲ್ಲಿ ಸ್ಥಾಪನೆಯಾದ ಸ್ಥಳೀಯ ಆರೋಗ್ಯ ಪರಂಪರೆಗಳ ಪುನರುಜ್ಜೀವನ ಪ್ರತಿಷ್ಠಾನವು ಅರಣ್ಯ ಇಲಾಖೆಯೊಡಗೂಡಿ ಔಷಧಿ ಸಸ್ಯಗಳನ್ನು ಅವು ಹುಟ್ಟಿದ ನೆಲದಲ್ಲಿಯೇ ಕಾಯ್ದುಕೊಳ್ಳಲು ಕರ್ನಾಟಕದಲ್ಲಿ ಆರಿಸಿದ ಸಂರಕ್ಷಣಾ ಪ್ರದೇಶಗಳಲ್ಲಿ ಸಂಡೂರಿನ ಕಾಡೂ ಒಂದು. ಅದೇ ಸಂಡೂರಿನ ಬೆಟ್ಟಗಳನ್ನು ಅದಿರಿಗಾಗಿ ಅಗೆದ ವೇಗ ಎಷ್ಟಿತ್ತೆಂದರೆ 2011ರ ಜುಲೈಯಲ್ಲಿ ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನೇ ನಿಲ್ಲಿಸಬೇಕಾಯಿತು. ಮುಂದೆ ಅದು ಕಟ್ಟುಪಾಡುಗಳೊಡನೆ ಮತ್ತೆ ಆರಂಭವಾಯಿತು. ಗಣಿಲಾರಿಗಳು ಓಡಾಡುವ ರಸ್ತೆಯ ಬದಿಯಲ್ಲಿ ಕೊಮ್ಮೆ ಎಷ್ಟೇ ಸೊಗಸಾಗಿ ಬೆಳೆದಿದ್ದರೂ ಅದು ಮದ್ದಿಗೆ ಸಲ್ಲದು. ಧೂಳು, ಎಣ್ಣೆ, ಮಣ್ಣಿನ ಲೋಹಾಂಶಗಳು ಗಿಡದೊಡನೆ ಕಷಾಯಕ್ಕೂ ಇಳಿಯಬಲ್ಲವು.

ಇನ್ನೊಂದು ಮಾತು ಬೇರಿನದು. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ಅನರ್ಥದಂಡವನ್ನು ವಿವರಿಸುವಾಗ ನಿಷ್ಪ್ರಯೋಜನವಾಗಿ ನೆಲ ಅಗೆಯುವುದನ್ನೂ ಸಸ್ಯಗಳನ್ನು ಕಡಿಯುವುದನ್ನೂ ಪ್ರಮಾದಚರ್ಯೆಯಲ್ಲಿ ಸೇರಿಸಿದೆ. ಹಣ್ಣಿಗಾಗಿ ಮರವನ್ನೇ ಬುಡಸಹಿತ ಕೆಡಹಬಯಸಿದವನಿಂದ ಹಿಡಿದು ಬಿದ್ದ ಹಣ್ಣನ್ನಷ್ಟೇ ಆಯ್ದುಕೊಂಡವನವರೆಗಿನ ಆರು ಮಂದಿಯ ಲೇಶ್ಯಾದೃಷ್ಟಾಂತವನ್ನು ನಮ್ಮ ಮಕ್ಕಳೂ ಬಲ್ಲರು. ಕೊಮ್ಮೆಯ ಬೇರನ್ನು ಅಗೆದು ತೆಗೆದರೆ ಆ ಗಿಡಕ್ಕೆ ಪುನರ್ನವೆಯೆಂಬ ಹೆಸರು ಅಲ್ಲಿಗೇ ಮುಗಿಯಿತು. ನೆಲದ ಮೇಲಿನ ಸೊಪ್ಪನ್ನು ಕೊಯ್ದರೆ ಮುಂದಿನ ಮಳೆಗೆ ಮತ್ತೆ ಚಿಗುರುತ್ತದೆ. ಬೇರಿನಲ್ಲಿರುವ ಗುಣ ಸೊಪ್ಪಿನಲ್ಲಿ ಎಷ್ಟಿದೆ, ಬೇರಿನ ಬದಲು ಅದನ್ನು ಎಷ್ಟು ಪ್ರಮಾಣದಲ್ಲಿ ಬಳಸಬಹುದು ಎಂಬ ಪರಿಶೀಲನೆಗೆ ಯಾವ ಇಲಿಯೂ ಬೇಕಿಲ್ಲ, ರಸಾಯನಶಾಲೆಯೊಂದು ಸಾಕು. ಟ್ರಸ್ಟೊಂದು ತನ್ನ ಹಣದಿಂದ ಮಾಡಿಸಬಹುದಾದ ಕೆಲಸ ಇದು.

ಅದಕ್ಕೂ ಮೊದಲು ಆಗಬೇಕಾದುದು ಯಶವಂತನಗರ, ಕಂಪ್ಲಿ, ಹೊಸಪೇಟೆಗಳ ಸುತ್ತಲ ಹಳ್ಳಿಗಳಲ್ಲಿ ಕಳೆ ಕೀಳುವ ಹಿರಿಯ ಹೆಣ್ಣುಮಕ್ಕಳು ಬಲ್ಲ ಹೆಸರುಗಳನ್ನು, ಗಿಡವನ್ನು ತೋರಿಸಿ ಕೇಳಿ, ಸಸ್ಯಶಾಸ್ತ್ರಜ್ಞರ ನೆರವಿನಿಂದ ಬರೆದಿಡುವುದು. ಗಿಡ ಹೂಬಿಟ್ಟಿರುವಾಗಲೇ ಇದು ಸಾಧ್ಯ. ನೆಲದ ಹಸುರನ್ನೂ ಅದರೊಳಗಿನ ಜೀವಗಳನ್ನೂ ತುಳಿಯಬಾರದೆಂದು ಮುನಿಗಳು ವಿಹಾರವನ್ನು ನಿಲ್ಲಿಸಿ ಒಂದೆಡೆ ನೆಲೆನಿಲ್ಲುವ ಚಾತುರ್ಮಾಸವೇ ಆ ಕಾಲ. ಬಸದಿಯ ಅಂಗಳವನ್ನು ಚೊಕ್ಕಟಗೊಳಿಸಲು ಕಳೆನಾಶಕದ ಡಬ್ಬಿಗಳನ್ನು ತರಿಸುವುದೂ ಸಾಮಾನ್ಯವಾಗಿ ಅದೇ ತಿಂಗಳುಗಳಲ್ಲಿ.